ತಡವಾದದ್ದು ನನ್ನಿಂದ

ಗುರುವಾರ, ಮಾರ್ಚ್ ೧೪

ಪ್ರೀತಿಯ ದೊಡ್ಡಮ್ಮನಿಗೆ,

ನೀವು ‘ಪಿಸುಮಾತು’ ಎಂದು ಕರೆಯುವ ನಿಮ್ಮ ಹುಡುಗಿಯ ನಮಸ್ಕಾರಗಳು. ಅಮ್ಮ, ಅಪ್ಪ ಆರೋಗ್ಯವಾಗಿದ್ದಾರೆ. ನಿಮ್ಮ ಮಂಡಿನೋವು ಹೇಗಿದೆ ಎಂದು ಕೇಳಬೇಕೆಂದು ಅಮ್ಮ ಹೇಳಿದಳು; ಕೇಳಿದ್ದೇನೆ. ಇನ್ನು ಮುಂದಿನದನ್ನು ಅವಳಿಗೆ ತೋರಿಸದೆ ಬರೆಯುತ್ತಿದ್ದೇನೆ.

ಭಾನುವಾರದಿಂದ ಇದು ಐದನೆಯ ಕಾಗದ. ಮೊದಲ ನಾಲ್ಕನ್ನು ಹರಿದು ಹಾಕಿದೆ. ಅವುಗಳಲ್ಲಿ ವಾಕ್ಯಗಳು ಚೆನ್ನಾಗಿ ಬಂದಿದ್ದವು, ಅದಕ್ಕೇ ಹರಿದೆ. ಇಷ್ಟೆಲ್ಲ ಆದದ್ದು ಚೆಂದದ ವಾಕ್ಯದ ಮೇಲಿನ ಆಸೆಯಿಂದಲೇ ಅಲ್ಲವೇ?

ಆಸ್ಪತ್ರೆಯವರು ಅಜ್ಜಿಯ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದುಕೊಡು ಎಂದಾಗ ನಾನು ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಊರಿನ ಮೊದಲ ಲೇಡಿ ಡಾಕ್ಟರ ಮೊಮ್ಮಗಳು, ಜೊತೆಗೆ ಸಾಹಿತ್ಯ ಓದಿದವಳು; ಇನ್ನೇನು ಬೇಕು ಎಂದುಕೊಂಡಿರಬೇಕು ಅವರು. ನಾನೂ ಹಾಗೇ ಅಂದುಕೊಂಡೆ. ನಿಮ್ಮ ಮನೆಯಲ್ಲಿ ಹತ್ತು ದಿನ ಇದ್ದು, ನೀವು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅಜ್ಜಿಯ ಹದಿನಾಲ್ಕು ಕರೆಪುಸ್ತಕಗಳನ್ನು ಓದಿದೆ. ಕರೆ ಬಂದ ಮನೆ, ಕರೆದ ಹೊತ್ತು, ತಲುಪಿದ ಹೊತ್ತು, ಆದದ್ದೇನು. ಒಂದೊಂದು ಹೆರಿಗೆಗೂ ಒಂದೊಂದು ಸಾಲು.

ನೀವು ಮಧ್ಯೆ ಮಧ್ಯೆ ಬಂದು ಚಹಾ ಇಟ್ಟು, ಕಥೆ ಹೇಳಿ ಹೋಗುತ್ತಿದ್ದಿರಿ. ಅಜ್ಜಿಯ ಕೋಣೆಯ ಮುಂದೆ ಹನ್ನೊಂದು ವರ್ಷ ‘ಡಾಕ್ಟರ್’ ಎಂಬ ಫಲಕ ಹಾಕದೆ ‘ಹೆಂಗಸರ ವಿಭಾಗ’ ಎಂದಷ್ಟೇ ಬರೆಸಿದ್ದರಂತೆ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ತಾತ, ಯಾರಾದರೂ ಪರಿಚಯ ಕೇಳುವ ಮೊದಲೇ ‘ನಾನು ಡಾಕ್ಟರಮ್ಮನ ಮನೆಯವರು’ ಎಂದು ತಾವೇ ಹೇಳಿ ನಗುತ್ತಿದ್ದರಂತೆ. ಇನ್ನೊಬ್ಬರು ಆಡಿಕೊಳ್ಳಲು ಏನನ್ನೂ ಉಳಿಸುತ್ತಿರಲಿಲ್ಲ. ಮನೆಯಲ್ಲಿ ಒಂದು ಕಟ್ಟಳೆಯಿತ್ತಂತೆ: ಬಾಗಿಲು ತಟ್ಟಿದರೆ ಮೊದಲು ಪುಸ್ತಕದಲ್ಲಿ ಮನೆಯ ಗುರುತು, ಗಂಟೆ ಬರೆಯಬೇಕು, ಆಮೇಲೆ ಅಜ್ಜಿಯನ್ನು ಕೂಗಬೇಕು. ಗಾಬರಿಯಲ್ಲಿ ಬಂದವರು ಹೊತ್ತನ್ನು ಸರಿಯಾಗಿ ಹೇಳುವುದಿಲ್ಲ ಎಂದು. ಅಮ್ಮ ಇನ್ನೂ ಹುಟ್ಟಿರಲಿಲ್ಲ; ತಾತ ಪ್ರೆಸ್ಸಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನೀವೊಬ್ಬರೇ, ಆದ್ದರಿಂದ ಆ ಕೆಲಸ ನಿಮ್ಮದು. ‘ಅ ಆ ಇ ಈ ಸರಿಯಾಗಿ ಬರೋ ಮೊದಲೇ ನಂಗೆ ಗಡಿಯಾರ ನೋಡಕ್ಕೆ ಬರ್ತಿತ್ತು’ ಎಂದು ನೀವು ಹೆಮ್ಮೆಯಿಂದ ಹೇಳಿದ್ದಿರಿ. ಆರನೆಯ ಪುಸ್ತಕ ಆಗ ನನ್ನ ತೊಡೆಯ ಮೇಲಿತ್ತು.

ಆರನೆಯದರಲ್ಲೇ ಆ ಪುಟವಿತ್ತು. ‘ಹೆಡ್ಮಾಸ್ತರ ಮನೆ. ಕರೆದದ್ದು ನಾಲ್ಕು ಗಂಟೆ. ತಲುಪಿದ್ದು ಆರೂವರೆ. ತಾಯಿ ತೀರಿಕೊಂಡಳು. ಹೆಣ್ಣು ಮಗು ಉಳಿಯಿತು. ತಡವಾದದ್ದು ನನ್ನಿಂದ.’

ಆ ಮನೆ ಹತ್ತು ನಿಮಿಷದ ದಾರಿ. ಆ ಹೆಡ್ಮಾಸ್ತರು ಯಾರೆಂದೂ ನನಗೆ ಗೊತ್ತಿತ್ತು. ಅಜ್ಜಿಯ ನೇಮಕ ಬೇಡವೆಂದು ಊರೆಲ್ಲ ಸುತ್ತಿ ಸಹಿ ಹಾಕಿಸಿದವರು. ‘ಹೆಣ ಕೊಯ್ದ ಕೈ ಹಸುಗೂಸನ್ನು ಮುಟ್ಟಬಾರದು’ ಎಂದು ಆ ಮನವಿಯಲ್ಲಿ ಬರೆದವರು. ಕೊನೆಗೆ ಅವರ ಸೊಸೆಗೇ ಆ ಕೈ ಬೇಕಾಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ನನಗೆ ಮೈ ಜುಮ್ಮೆಂದಿತು. ಒಂದೇ ಕೂತಿನಲ್ಲಿ ಅಧ್ಯಾಯ ಬರೆದೆ. ‘ಆ ಎರಡೂವರೆ ಗಂಟೆ ನಮ್ಮ ಅಜ್ಜಿ ಡಾಕ್ಟರಾಗಿರಲಿಲ್ಲ, ಅವಮಾನ ನುಂಗಿದ ಹೆಂಗಸಾಗಿದ್ದಳು.’ ಈ ವಾಕ್ಯವನ್ನು ನಾನು ಎಷ್ಟು ಸಲ ಓದಿಕೊಂಡೆನೆಂದು ಹೇಳಲು ನಾಚಿಕೆಯಾಗುತ್ತದೆ.

ನೀವು ಅಡುಗೆಮನೆಯಲ್ಲಿದ್ದಿರಿ. ಎದ್ದು ಹತ್ತು ಹೆಜ್ಜೆ ಬಂದು, ದೊಡ್ಡಮ್ಮ, ಇದು ಏನು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಭಾನುವಾರ ಎಲ್ಲ ಆದ ಮೇಲೂ, ಸಂಕೋಚದ ಹುಡುಗಿ, ಕೇಳಲು ಹಿಂಜರಿದಿರಬೇಕು ಎಂದು ನೀವೇ ನನ್ನ ಪರವಾಗಿ ಮಾತಾಡಿದಿರಿ. ಸಂಕೋಚ ನನಗೆ ಎಷ್ಟೋ ಸಲ ಒಳ್ಳೆಯ ನೆಪವಾಗಿದೆ. ಕೇಳಿದರೆ ನೀವು ಏನಾದರೂ ಹೇಳಿ ಅಧ್ಯಾಯ ಕೆಟ್ಟುಹೋದೀತೆಂಬ ಭಯ ನನ್ನದು.

ಭಾನುವಾರ ಆಸ್ಪತ್ರೆಯ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾದಾಗ ಆ ಅಧ್ಯಾಯವನ್ನೇ ಓದಿದೆ. ಹುಟ್ಟಿದಾಗಿನಿಂದ ಪಿಸುಗುಟ್ಟುತ್ತಾ ಬಂದವಳ ದನಿ ಅಂದು ಕೊನೆಯ ಸಾಲಿನವರೆಗೂ ಕೇಳಿಸಿತಂತೆ. ಮುಂದಿನ ಸಾಲಿನಲ್ಲಿ ನೀವು ಆಮಂತ್ರಣ ಪತ್ರಿಕೆಯನ್ನು ಮಡಿಸುತ್ತಿದ್ದಿರಿ, ಬಿಡಿಸುತ್ತಿದ್ದಿರಿ, ಮತ್ತೆ ಮಡಿಸುತ್ತಿದ್ದಿರಿ. ಎಲ್ಲರೂ ಚಪ್ಪಾಳೆ ತಟ್ಟಿದಾಗ ನೀವೂ ತಟ್ಟಿದಿರಿ.

ನಮ್ಮ ಮನೆಗೆ ಬಂದ ಮೇಲೆ ನೀವು ಬೈಯಲಿಲ್ಲ. ಲೋಟಗಳನ್ನು ತೊಳೆಯುತ್ತಾ ನಿಂತಿರಿ. ಅಷ್ಟು ಲೋಟಗಳನ್ನು ಅಂದು ಬಳಸಿರಲೂ ಇಲ್ಲ. ನನಗೆ ಬೆನ್ನು ಮಾಡಿಯೇ ಹೇಳಿದಿರಿ:

‘ಅಮ್ಮ ಕೋಪ ಮಾಡ್ಕೊಂಡು ಕೂತಿರ್ಲಿಲ್ಲ ಕಣೆ. ಮಲಗಿದ್ಲು. ಎಬ್ಬಿಸ್ಬೇಕಾದೋಳು ನಾನು.’

ಎರಡು ರಾತ್ರಿ ಆಸ್ಪತ್ರೆಯಲ್ಲೇ ಕಳೆದ ಅಜ್ಜಿ ಅಂದು ಮಧ್ಯಾಹ್ನ ಬಂದು ಸೀರೆ ಕೂಡ ಬದಲಿಸದೆ ಚಾಪೆಯ ಮೇಲೆ ಬಿದ್ದಳಂತೆ. ಎಂಟು ವರ್ಷದ ನೀವು ಮೆಲ್ಲಗೆ ಹೋಗಿ ಪಕ್ಕದಲ್ಲಿ ಮಲಗಿದಿರಿ. ನಿದ್ದೆಯಲ್ಲೇ ಅವಳ ತೋಳು ನಿಮ್ಮ ಮೇಲೆ ಬಿತ್ತು. ಊರಿನ ಮಕ್ಕಳನ್ನೆಲ್ಲ ಎತ್ತಿಕೊಂಡ ಆ ತೋಳು ನಿಮಗೆ ಸಿಕ್ಕಿದ್ದು ಎಷ್ಟು ದಿನದ ಮೇಲೋ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಹೆಡ್ಮಾಸ್ತರ ಮಗಳು ಏದುಸಿರು ಬಿಡುತ್ತಾ, ಅತ್ತಿಗೆಗೆ ತುಂಬಾ ಕಷ್ಟವಾಗ್ತಿದೆ, ಅಮ್ಮನ್ನ ಕರಿ ಪುಟ್ಟಿ ಎಂದಳು. ಅಮ್ಮ ಮನೆಯಲ್ಲಿಲ್ಲ ಎಂದಿರಿ ನೀವು. ಅವಳು ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಹೊರಟುಹೋದಳು. ಆಮೇಲೆ ನೀವು ಕಟ್ಟಳೆಯ ಪ್ರಕಾರ ಪುಸ್ತಕ ತೆಗೆದು ಮನೆಯ ಗುರುತು, ಗಂಟೆ ಬರೆದಿರಿ. ಕೂಗಲಿಲ್ಲ. ಹೋಗಿ, ಆ ತೋಳನ್ನು ಎತ್ತಿ, ಮತ್ತೆ ಅದರ ಕೆಳಗೆ ಸೇರಿಕೊಂಡಿರಿ.

ಆರು ದಾಟಿದ ಮೇಲೆ ಎದ್ದ ಅಜ್ಜಿ ಪುಸ್ತಕ ನೋಡಿದಳು, ನಿಮ್ಮನ್ನು ನೋಡಿದಳು, ಚೀಲ ಹಿಡಿದು ಓಡಿದಳು. ಮರುದಿನ ಬಂದವಳು ನಿಮಗೆ ಏನೂ ಹೇಳಲಿಲ್ಲ. ಅಂದಷ್ಟೇ ಅಲ್ಲ, ಸಾಯುವವರೆಗೂ ಹೇಳಲಿಲ್ಲ.

‘ಒಂದು ಏಟು ಹೊಡೆದಿದ್ರೆ ಸಾಕಿತ್ತು ಕಣೆ. ಅಲ್ಲಿಗೆ ಮುಗೀತಿತ್ತು’ ಎಂದು ನೀವು ನಲ್ಲಿ ನಿಲ್ಲಿಸಿದಿರಿ.

ಅಜ್ಜಿ ಅಷ್ಟು ಆಸೆಪಟ್ಟರೂ ನೀವು ಡಾಕ್ಟರಿ ಓದಲಿಲ್ಲವೇಕೆ ಎಂದರೆ, ರಕ್ತ ಕಂಡರೆ ತಲೆ ಸುತ್ತುತ್ತದೆ ಎನ್ನುತ್ತಿದ್ದಿರಿ. ನಾವೆಲ್ಲ ನಂಬಿದ್ದೆವು. ಆದರೆ ನಾನು ಸೈಕಲ್ಲಿನಿಂದ ಬಿದ್ದು ಮೊಣಕಾಲು ಒಡೆದುಕೊಂಡಾಗ ಅಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಗಾಯದೊಳಗಿನ ಕಲ್ಲುಪುಡಿಯನ್ನು ಒಂದೊಂದಾಗಿ ತೆಗೆದವರು ನೀವು.

ಆಮೇಲೆ ನೀವು ನನ್ನ ಕೈ ಹಿಡಿದು, ‘ನಾನಿರೋವರೆಗೂ ಇದು ನಿನ್ನ ಹೊಟ್ಟೇಲೇ ಇರ್ಲಿ’ ಎಂದಿರಿ. ಹೂಂ ಎಂದೆ. ನನಗೆ ಗೊತ್ತಿರಲಿಲ್ಲ ದೊಡ್ಡಮ್ಮ, ಗೊತ್ತಿದ್ದರೆ ಬರೆಯುತ್ತಿರಲಿಲ್ಲ ಎಂದು ಅತ್ತುಬಿಟ್ಟೆ. ನೀವು ಸೆರಗಿನಲ್ಲಿ ನನ್ನ ಮುಖ ಒರೆಸಿದಿರಿ.

ಅದು ಪೂರ್ತಿ ನಿಜವಲ್ಲ. ಇದನ್ನು ಬರೆಯಲಾರದೆಯೇ ನಾಲ್ಕು ಕಾಗದ ಹರಿದದ್ದು.

ಆ ಪುಟದಲ್ಲಿ ಮನೆಯ ಗುರುತು ಮತ್ತು ಗಂಟೆ ಪೆನ್ಸಿಲ್ಲಿನಲ್ಲಿವೆ. ದಪ್ಪ ದಪ್ಪ ಅಕ್ಷರ, ಸಾಲು ಮೇಲಕ್ಕೆ ಏರಿಹೋಗಿದೆ. ಉಳಿದದ್ದು ಅಜ್ಜಿಯ ಶಾಯಿಯಲ್ಲಿ. ಬರೆದದ್ದು ಮಗುವಿನ ಕೈ ಎಂದು ಮೊದಲ ದಿನವೇ ನನಗೆ ಕಂಡಿತ್ತು. ನಾಲ್ಕು ಗಂಟೆಗೆ ಮಗು ಬರೆದಿದೆ, ಸರಿ. ಆಮೇಲೆ ಕೂಗಿತೇ ಎಂಬ ಪ್ರಶ್ನೆ ಕೂಡ ಬಂದಿತ್ತು. ನಿಜವಾಗಿ ಬಂದಿತ್ತು. ಅಧ್ಯಾಯದೊಳಗೆ ಆ ಮಗು ಬಂದರೆ ಹೆಡ್ಮಾಸ್ತರು, ಸಹಿ, ಅವಮಾನ, ನನ್ನ ವಾಕ್ಯ ಯಾವುದೂ ನಿಲ್ಲುವುದಿಲ್ಲವೆಂದು ಗೊತ್ತಾಗಿ ಪುಸ್ತಕ ಮುಚ್ಚಿದೆ. ಪೆನ್ಸಿಲ್ಲಿನ ವಿಷಯವನ್ನು ಅಧ್ಯಾಯದಲ್ಲಿ ಎಲ್ಲೂ ಬರೆಯಲಿಲ್ಲ. ನೀವು ಸುಳ್ಳು ಹೇಳಿದಾಗ ನಿಮಗೆ ಎಂಟು ವರ್ಷ. ನನಗೆ ಇಪ್ಪತ್ತಮೂರು.

ಸೋಮವಾರ ಆಸ್ಪತ್ರೆಗೆ ಹೋದೆ. ಮುನ್ನೂರು ಪ್ರತಿಗಳು ಹೊರಗೆ ಹೋಗಿವೆ, ಇನ್ನೂರು ಕಪಾಟಿನಲ್ಲಿವೆ. ಆ ಅಧ್ಯಾಯ ತೆಗೆಸಬೇಕು ಎಂದೆ. ಎಲ್ಲಕ್ಕಿಂತ ಚೆನ್ನಾಗಿ ಬಂದಿರೋದೇ ಅದಲ್ಲವಾ ಎಂದರು ಅಲ್ಲಿನ ಈಗಿನ ದೊಡ್ಡ ಡಾಕ್ಟರಮ್ಮ. ಅದು ತಪ್ಪು ಎಂದೆ. ಹಾಗಾದರೆ ಸರಿ ಯಾವುದು ಎಂದರು. ಕರೆಪುಸ್ತಕದಲ್ಲಿ ಇರುವಷ್ಟೇ ಎಂದೆ. ಅವರು ನಿಟ್ಟುಸಿರುಬಿಟ್ಟು ಒಪ್ಪಿದರು. ಇನ್ನೂರು ಪ್ರತಿಗಳಲ್ಲಿ ಆ ಹಾಳೆಗಳನ್ನು ಕತ್ತರಿಸಿ, ಅಲ್ಲಿ ಕರೆಪುಸ್ತಕದ ಆ ಸಾಲುಗಳನ್ನಷ್ಟೇ, ಅಜ್ಜಿ ಬಿಟ್ಟುಹೋದ ಹಾಗೆಯೇ, ಅಂಟಿಸುತ್ತಿದ್ದೇನೆ. ಈವರೆಗೆ ಎಪ್ಪತ್ತು ಆಗಿವೆ. ಹೊರಗೆ ಹೋದ ಮುನ್ನೂರಕ್ಕೆ ನನ್ನ ಹತ್ತಿರ ಅಂಟಿಲ್ಲ.

ಕ್ಷಮಿಸಿ ಎಂದು ಬರೆದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿಲ್ಲ. ಬೈದು ಒಂದು ಕಾಗದ ಹಾಕಿ. ನನಗಾದರೂ ಏಟು ಬೀಳಲಿ.

ನಿಮ್ಮ
ಪಿಸುಮಾತು

ತಾ.ಕ.: ಇಲ್ಲಿಗೇ ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ಮಂಗಳವಾರ ಹೆಡ್ಮಾಸ್ತರ ಮನೆಯ ಆ ಮಗು ನಮ್ಮ ಮನೆಗೆ ಬಂದಿದ್ದರು. ಅಂದು ಉಳಿದ ಹೆಣ್ಣು ಮಗು. ಈಗ ಅರವತ್ತಾಗಿದೆ, ಹೊಲಿಗೆ ಟೀಚರಾಗಿ ನಿವೃತ್ತರಾಗಿದ್ದಾರೆ. ಅವರನ್ನು ಸಾಕಿದ್ದು ಅಂದು ಬಾಗಿಲು ತಟ್ಟಿದ ಆ ಅತ್ತೆಯೇ. ಆ ಅತ್ತೆ ಹೊಸ್ತಿಲ ಹತ್ತಿರ ಡಾಕ್ಟರ ಚಪ್ಪಲಿ ನೋಡಿದ್ದರಂತೆ. ಡಾಕ್ಟರಮ್ಮ ಒಳಗಿದ್ದೂ, ಹಠಕ್ಕೆ ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದಳೆಂದು ಕೊನೆಯವರೆಗೂ ಹೇಳಿದರಂತೆ. ಒಮ್ಮೆ ಬೀದಿಯಲ್ಲೇ ನಿಲ್ಲಿಸಿ ಕೇಳಿದಾಗ ಅಜ್ಜಿ, ತಪ್ಪು ನನ್ನದೇ ಎಂದಷ್ಟೇ ಹೇಳಿ ತಲೆಬಾಗಿದಳಂತೆ. ಇವರು ತಮ್ಮ ಎರಡು ಹೆರಿಗೆಗೂ ಈ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಬೇರೆ ಊರಿಗೆ ಹೋದರಂತೆ. ನನ್ನ ಪುಸ್ತಕ ಎದೆಗೊತ್ತಿಕೊಂಡು ಬಂದಿದ್ದರು. ಕೊನೆಗೂ ನಿಮ್ಮ ಮನೆಯವರೇ ಒಪ್ಪಿಕೊಂಡ್ರಲ್ಲ ಎಂದು ನನಗೆ ಕೈ ಮುಗಿದರು. ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ ದೊಡ್ಡಮ್ಮ. ಎಲ್ಲವನ್ನೂ ಹೇಳಿಬಿಟ್ಟೆ. ನಿಮಗೆ ಹೂಂ ಎಂದು ಎರಡು ದಿನ ಕೂಡ ಆಗಿರಲಿಲ್ಲ. ಅವರು ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಿಮ್ಮ ವಿಳಾಸ ಕೇಳಿದರು. ಈ ಸಲವೂ ನಿಮ್ಮನ್ನು ಕೇಳದೆಯೇ ಬರೆದುಕೊಟ್ಟೆ. ಬರುವ ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬರುತ್ತಾರೆ. ಏನು ಹೇಳಲು ಬರುತ್ತಾರೋ ನನಗೆ ಗೊತ್ತಿಲ್ಲ. ಮೆಟ್ಟಿಲಿಳಿಯುವಾಗ ನಿಂತು, ಆಗ ನಿಮಗೆ ಎಷ್ಟು ವಯಸ್ಸು ಎಂದು ಮಾತ್ರ ಕೇಳಿದರು. ಎಂಟು ಎಂದೆ. ಅವರು ಹೇಳಿದ್ದು ಇಷ್ಟೇ: ‘ಎಂಟು ವರ್ಷದ ಮಗೂನ ಯಾರಮ್ಮಾ ಅಂಥ ಬಾಗಿಲು ಕಾಯೋಕೆ ಕೂರಿಸ್ತಾರೆ?’