ಬನ್ನಿನೊಳಗಿನ ಹೂರಣ

ಮದ್ದೂರು
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಸೌಮ್ಯಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ವೃದ್ಧಾಶ್ರಮದ ಅಜ್ಜಿ ತಾತಂದಿರನ್ನು ಹಾಸಿಗೆಯಿಂದ ಎಬ್ಬಿಸಿ ಗಾಲಿಕುರ್ಚಿಗೆ ಕೂರಿಸುವಾಗ ಒಬ್ಬಳೇ ಎತ್ತಬೇಡ, ಜೊತೆಗೆ ಇನ್ನೊಬ್ಬರನ್ನು ಕರೆದುಕೋ. ಜಪಾನಿನಲ್ಲಿ ಆಗಲೇ ಚಳಿ ಹಿಡಿದಿದೆ ಎಂದೆಯಲ್ಲ, ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳದೆ ಹೊರಗೆ ಹೋಗಬೇಡ. ಇಲ್ಲಿ ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಗಗನಳಿಗೆ ನೆಗಡಿ ಬಂದು ಹೋಯಿತು. ಮಳವಳ್ಳಿಯಲ್ಲಿ ಅತ್ತೆ, ಮಾವ ಚೆನ್ನಾಗಿದ್ದಾರೆ. ಹೋದ ಶನಿವಾರ ಹೋಗಿ ನೋಡಿಕೊಂಡು ಬಂದೆ.

ದಿನಾ ವಿಡಿಯೋ ಕಾಲಿನಲ್ಲಿ ಮುಖ ತೋರಿಸುವವನು ಈಗ ಕಾಗದ ಯಾಕೆ ಬರೆದ ಎಂದು ನಗಬೇಡ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ಅವ್ವ ಆತಗೂರಿನ ನೆಂಟರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿರುತ್ತಾಳೆ, ನಿನಗೆ ನಿದ್ದೆ ಎಳೆಯುತ್ತಿರುತ್ತದೆ. ನನ್ನ ಪಾಲಿಗೆ ಉಳಿಯುವುದು ‘ಊಟ ಆಯ್ತಾ’ ಒಂದೇ. ಗಂಡ ಹೆಂಡತಿಯ ಮಾತನ್ನು ಎಲ್ಲರ ಮುಂದೆ ಆಡುವುದು ನನಗೆ ಈವರೆಗೂ ಬಂದಿಲ್ಲ. ನಿನ್ನ ಜೊತೆ ಕೆಲಸ ಮಾಡುವ ಚಂದನ ರಜೆ ಮುಗಿಸಿ ನಾಳೆ ವಿಮಾನ ಹತ್ತುತ್ತಾಳಂತೆ. ಅವಳ ಅಣ್ಣ ಇವತ್ತು ಬಂದು ನಿನ್ನ ಗಂಟು ತೆಗೆದುಕೊಂಡು ಹೋಗುತ್ತಾನೆ. ಹುರಿಗಡಲೆ ಚಟ್ನಿಪುಡಿ, ರಾಗಿಹಿಟ್ಟು, ಅವ್ವ ಮಾಡಿದ ಕೊಬ್ಬರಿ ಮಿಠಾಯಿ, ಅವುಗಳ ಜೊತೆ ಈ ಕಾಗದ.

ಗಗನಳ ಹುಟ್ಟುಹಬ್ಬದ ಸಂಗತಿ ಪೂರ್ತಿ ಹೇಳಬೇಕು. ಫೋನಿನಲ್ಲಿ ‘ಚೆನ್ನಾಗಾಯ್ತು’ ಎಂದಷ್ಟೇ ಹೇಳಿದ್ದೆ. ನೀನು ದಸರಾದ ಹೊತ್ತಿಗೆ ಕಳಿಸಿದ ಪೊಟ್ಟಣದಲ್ಲಿ ಆ ಹಸಿರು ಟೀ ಪುಡಿ ಇತ್ತಲ್ಲ, ಮಾಚ್ಚಾ, ಅದರಲ್ಲಿ ಕೇಕು ಮಾಡಿಕೊಡು ಎಂದು ಒಂದೇ ಹಟ ಹಿಡಿದಳು. ನೀನು ಅಲ್ಲಿನ ಅಂಗಡಿಯಲ್ಲಿ ಕೂತು ಹಸಿರು ಕೇಕು ತಿನ್ನುವುದನ್ನು ಫೋನಿನಲ್ಲಿ ತೋರಿಸಿದ್ದೆಯಲ್ಲ, ಅಂಥದ್ದೇ ಬೇಕಂತೆ. ಬೇಕರಿಯಲ್ಲಿ ಹೇಳಿ ಹಸಿರು ಬಣ್ಣದ ಕೇಕು ಮಾಡಿಸುತ್ತೇನೆ ಎಂದರೆ ‘ಬಣ್ಣ ಬ್ಯಾಡ, ಅಮ್ಮ ತಿನ್ನೋದೇ ಬೇಕು’ ಎಂದಳು. ಕೊನೆಗೆ ಹುಟ್ಟುಹಬ್ಬಕ್ಕೆ ಹತ್ತು ದಿನ ಮೊದಲೇ, ಮಾಡಿ ನೋಡೋಣ ಎಂದು ಒಂದು ಸಣ್ಣ ಓವನ್ ತಂದೆ. ನಮ್ಮ ಅಡಿಗೆಮನೆ ನಿನಗೆ ಗೊತ್ತಲ್ಲ, ಮಿಕ್ಸಿಯನ್ನು ನೆಲಕ್ಕಿಳಿಸಿ ಅದಕ್ಕೆ ಜಾಗ ಮಾಡಿದೆ. ಡೈರಿಯಲ್ಲಿ ದಿನಾ ಹಾಲಿನ ನಡುವೆ ಕೆಲಸ ಮಾಡುವವನಿಗೆ ಕ್ರೀಮು ಕಡೆಯುವುದು ಏನು ಮಹಾ ಎಂದುಕೊಂಡಿದ್ದೆ. ಕಡೆದು ಕಡೆದು ಬೆಣ್ಣೆಯೇ ಬಂತು. ಅವ್ವ ಅದನ್ನು ತೆಗೆದು ರೊಟ್ಟಿಗೆ ಹಚ್ಚಿದಳು.

ಕೇಕು ಮಧ್ಯದಲ್ಲಿ ಕುಸಿದಿತ್ತು, ಅಂಚು ಸೀದಿತ್ತು. ಅದೆಲ್ಲ ಹೋಗಲಿ ಎಂದರೆ ಪುಡಿಯನ್ನು ಬೇರೆ ಜಾಸ್ತಿ ಹಾಕಿಬಿಟ್ಟಿದ್ದೆ. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು, “ಏನ್ಲಾ ಶಿವರಾಜ, ಬೇವಿನ್ಸೊಪ್ಪು ಅರ್ದು ಆಕಿದ್ದೀಯೇನ್ಲಾ?” ಎಂದಳು. ನಾನು ನಕ್ಕೆ. ಗಗನ ನಗಲಿಲ್ಲ. ಅಳಲೂ ಇಲ್ಲ, ಅಷ್ಟೂ ಹೊತ್ತು ತಟ್ಟೆ ಹಿಡಿದುಕೊಂಡು ನಿಂತಿದ್ದವಳು ಅದನ್ನು ಸಿಂಕಿನಲ್ಲಿಟ್ಟು, “ಬುಡಪ್ಪ, ಅಮ್ಮಂಗೆ ಗೊತ್ತಿರೋದು ನಿಂಗೆಲ್ಲಿ ಗೊತ್ತಾಯ್ತದೆ” ಎಂದು ಒಳಕ್ಕೆ ಹೋದಳು. ಎಂಟು ವರ್ಷದ ಮಗಳು ಅಷ್ಟು ಸಮಾಧಾನವಾಗಿ ಮಾತಾಡಬಾರದು, ಸೌಮ್ಯಾ. ಆಮೇಲಿನಿಂದ ನೀನು ಫೋನು ಮಾಡಿದಾಗೆಲ್ಲ ಅವಳಿಗೆ ಹೋಂವರ್ಕು ಇರುತ್ತಿತ್ತು. ನಿನಗೂ ಅದು ಗೊತ್ತಾಗಿರಬೇಕು, ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹುಟ್ಟುಹಬ್ಬದ ಸಂಜೆ ಅದಕ್ಕೇ ಮಂಡ್ಯಕ್ಕೆ ಕರೆದುಕೊಂಡು ಹೋದೆ. ನೂರಡಿ ರಸ್ತೆಯ ಹತ್ತಿರ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಒಂದು ಸಣ್ಣ ಜಪಾನೀ ಹೋಟೆಲು ಶುರುವಾಗಿದೆ. ನಡೆಸುವವಳು ಅಮೃತ ಎಂಬ ಹುಡುಗಿ, ನಮ್ಮ ಕೆರಗೋಡಿನ ಕಡೆಯವಳೇ. ಬೆಂಗಳೂರಿನ ಯಾವುದೋ ಅಡಿಗೆಮನೆಯಲ್ಲಿ ಕಲಿತು ಬಂದಿದ್ದಾಳೆ. ಐದೇ ಮೇಜು, ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ಅವ್ವನನ್ನು ಮಹಡಿ ಹತ್ತಿಸುವುದರಲ್ಲಿ ನನಗೆ ಸಾಕಾಯಿತು, ಹತ್ತಿದ ಮೇಲೆ ಆಕೆಯೇ ಎಲ್ಲರಿಗಿಂತ ಚೆನ್ನಾಗಿ ಉಂಡಳು. ಕರಿದ ಕೋಳಿಯ ಮೇಲೆ ಕಂದು ಬಣ್ಣದ ಗಟ್ಟಿ ಸಾರು ಸುರಿದು ಅನ್ನದ ಜೊತೆ ಕೊಡುತ್ತಾರಲ್ಲ, ಅದನ್ನು ತಿಂದು “ನಮ್ಮ ಕೋಳಿಸಾರೇ ಕಣ್ಲಾ, ಸಕ್ಕರೆ ಆಕ್ಬುಟ್ಟು ಕೆಡ್ಸವ್ರೆ” ಎಂದಳು. ತಟ್ಟೆಯಲ್ಲಿ ಮಾತ್ರ ಏನೂ ಬಿಡಲಿಲ್ಲ. ಗಗನ ಸೌತೆಕಾಯಿ ಇಟ್ಟು ಸುತ್ತಿದ ಅನ್ನದ ಸುರುಳಿಯನ್ನು ಜಪಾನಿನವರ ಹಾಗೆ ಎರಡು ಕಡ್ಡಿಯಲ್ಲೇ ಎತ್ತಿ ತಿಂದಳು. ಮನೆಯಲ್ಲಿ ಎರಡು ಪೆನ್ಸಿಲು ಹಿಡಿದು ಹುರಿಗಡಲೆ ಎತ್ತುವುದನ್ನು ಅಭ್ಯಾಸ ಮಾಡುತ್ತಿದ್ದಳು, ನಾನು ಅದನ್ನು ಆಟ ಎಂದುಕೊಂಡಿದ್ದೆ.

ಅವಳು ಕಡ್ಡಿ ಹಿಡಿಯುವುದನ್ನು ನೋಡಿ ಅಮೃತ ಖುಷಿಯಿಂದ ಹತ್ತಿರ ಬಂದಳು. ಹುಟ್ಟುಹಬ್ಬ ಎಂದು ತಿಳಿದ ಮೇಲೆ, “ಅಮ್ಮ ಬರ್ಲಿಲ್ವಾ ಪುಟ್ಟಿ?” ಎಂದು ಕೇಳಿದಳು. ಗಗನ ತಟ್ಟೆಯಿಂದ ತಲೆಯನ್ನೂ ಎತ್ತದೆ, “ನಮ್ಮಮ್ಮ ಇಲ್ಲ” ಎಂದುಬಿಟ್ಟಳು.

ಆ ಹುಡುಗಿಯ ಮುಖ ನೀನು ನೋಡಬೇಕಿತ್ತು. ಮಗುವಿನ ತಲೆಯ ಮೇಲೆ ಕೈಯಿಟ್ಟವಳು ಅಲ್ಲೇ ನಿಂತುಬಿಟ್ಟಳು, ಕಣ್ಣು ತುಂಬಿಕೊಂಡವು. ಪಕ್ಕದ ಮೇಜಿನವರೂ ನಮ್ಮ ಕಡೆ ತಿರುಗಿದರು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಅವ್ವ, “ಅಯ್ಯೋ ಬುಡ್ತು ಅನ್ನು! ನನ್ನ ಸೊಸೆ ಗಟ್ಟಿಮುಟ್ಟಾಗಿ ಅವ್ಳೆ ಕಣವ್ವ. ಜಪಾನ್ನಲ್ಲಿ ನರ್ಸು. ಕಾಯ್ಲೆ ಬಿದ್ದ ಮುದುಕ್ರನ್ನ ಮಕ್ಳಂಗೆ ನೋಡ್ಕತಾಳೆ” ಎಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿದಳು. ‘ಮನೆ ಸೊಸೆ ದುಡಿಯಕ್ಕೆ ಸಮುದ್ರ ದಾಟೋದಾ’ ಎಂದು ನೀನು ಹೊರಟ ದಿನ ಊಟ ಬಿಟ್ಟಿದ್ದ ಅದೇ ಅವ್ವ! ಅಮೃತ ಕಣ್ಣೊರೆಸಿಕೊಂಡು ನಕ್ಕಳು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಗಗನ ನನ್ನ ಕಡೆ ತಿರುಗಿ ಕೇಳಿದಳು: “ಇಲ್ಲಿ ಇಲ್ಲ ಅಂದ್ರೆ ಇಲ್ಲ ಅಂತ ತಾನೆ ಅಪ್ಪಾ?”

ತಟ್ಟೆಯ ಅಂಚಿನಲ್ಲಿ ಅವರು ಇಟ್ಟುಕೊಡುವ ಹಸಿರು ಖಾರ ಇರುತ್ತದಲ್ಲ, ಮೂಗಿಗೆ ಏರುತ್ತದೆ ಎಂದು ನೀನೇ ಹೇಳಿದ್ದೆ. ಅದನ್ನು ಪೂರ್ತಿ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಸುರಿಯಿತು. ಅವ್ವ ಬೆನ್ನು ತಟ್ಟಿ ನೀರು ಕುಡಿಸಿದಳು, ಗಗನ ಕೈಬಡಿದು ನಕ್ಕಳು. ಯಾರೂ ಬೇರೆ ಏನೂ ಕೇಳಲಿಲ್ಲ.

ಮಾರನೆಯ ದಿನ ನಾನು ಬೆಳಗಿನ ಪಾಳಿ ಮುಗಿಸಿ ಗೆಜ್ಜಲಗೆರೆಯ ಡೈರಿಯಿಂದ ಬರುವಾಗ ಮನೆಯ ಮುಂದೆಯೇ ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಒಳಗೆ ಅವ್ವ ನಿನ್ನ ಪೊಟ್ಟಣದಲ್ಲಿದ್ದ ಕೆಂಪು ಕಾಳನ್ನು ಬೇಯಿಸಿ, ಬೆಲ್ಲ ಹಾಕಿ ಮಗುಚುತ್ತ ಕೂತಿದ್ದಳು. ಅದನ್ನು ಬನ್ನಿನೊಳಗೆ ತುಂಬುತ್ತಾರೆ ಎಂದು ನೀನು ಹೇಳಿದ್ದನ್ನು ಗಗನ ಅಜ್ಜಿಗೆ ಒಪ್ಪಿಸಿದ್ದಳಂತೆ. “ಇದೇನು ಬ್ರಮ್ಮವಿದ್ಯೆ? ಕಾಳು ನಮ್ಮ ಕೆಂಪಲಸಂದೆಗೆ ತಮ್ಮ, ಒಳಗಿರಾದು ಒಬ್ಬಟ್ಟಿನ ಊರ್ಣ. ಅಲ್ಲಿಯವ್ರಿಗೂ ಇದು ಗೊತ್ತದೆ ಅಂದ್ರೆ ನನ್ನ ಸೊಸೆ ಉಪಾಸ ಇಲ್ಲ ಬುಡು” ಎಂದಳು. ನಾನು ಮೈದಾ ನಾದಿದೆ, ಗಗನ ಉಂಡೆ ಕಟ್ಟಿದಳು, ಅವ್ವ ಹೂರಣ ತುಂಬಿ ಬಾಯಿ ಮುಚ್ಚಿದಳು. ಓವನಿನ ಗಾಜಿಗೆ ಮೂವರೂ ಮುಖ ಹಚ್ಚಿಕೊಂಡು ಕೂತೆವು. ಈ ಸಲ ಉಬ್ಬಿತು, ಸೌಮ್ಯಾ. ಮೇಲೆ ಹಚ್ಚಿದ ಹಾಲು ಕೆಂಪಗೆ ಹೊಳೆಯುತ್ತಿತ್ತು. ಬಿಸಿ ಬಿಸಿಯಾಗಿಯೇ ಮುರಿದು ತಿಂದು, ಗಗನ ಬಾಯಿತುಂಬ ಇಟ್ಟುಕೊಂಡೇ, “ಅಮ್ಮ ತಿನ್ನೋದೂ ಹಿಂಗೇ ಇರ್ತದಾ?” ಎಂದು ಕೇಳಿದಳು. ಎಷ್ಟೋ ದಿನಗಳ ಮೇಲೆ ತಾನಾಗಿ ನಿನ್ನ ಹೆಸರೆತ್ತಿದ್ದಳು. ಅವತ್ತು ಸಂಜೆ ನೀನು ಫೋನು ಮಾಡಿದಾಗ ಓಡಿಬಂದು ಕಿತ್ತುಕೊಂಡಳಲ್ಲ, ಅದರ ಹಿಂದಿನ ಕಥೆ ಇದು.

ಅವ್ವ ಮಿಕ್ಕ ಬನ್ನುಗಳನ್ನು ಬೀದಿಯವರಿಗೆಲ್ಲ ಹಂಚಿ ‘ನಮ್ಮ ಸೌಮ್ಯನ ಊರಿನ ತಿಂಡಿ’ ಎಂದು ಹೇಳಿಕೊಂಡು ಬಂದಳು. ಅದನ್ನು ಕೇಳಿ ಮೊದಲು ನಗು ಬಂತು. ಆಮೇಲೆ ಓವನು ಒರೆಸುತ್ತ ಒಬ್ಬನೇ ನಿಂತಿದ್ದಾಗ ಆ ಮಾತು ಬೇರೆ ಥರ ಕೇಳಿಸತೊಡಗಿತು. ನಿನ್ನ ಊರು ಅದಾಗಿಬಿಟ್ಟಿತೇ? ನೀನು ತಿನ್ನುವುದನ್ನು ನಾನು ಇಲ್ಲಿ ಮಾಡಬಲ್ಲೆ; ನೀನು ಯಾರ ಎದುರಿಗೆ ಕೂತು ತಿನ್ನುತ್ತೀಯ, ತಿಂದು ಕೈ ತೊಳೆದ ಮೇಲೆ ಯಾವ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೀಯ ಎಂಬುದು ನನಗೆ ತಿಳಿಯದು. ಮಂಚದಲ್ಲಿ ನೀನು ಮಲಗುತ್ತಿದ್ದ ಕಡೆ ಈಗ ಇಸ್ತ್ರಿ ಬಟ್ಟೆ ಇಡುವ ಜಾಗವಾಗಿದೆ. ತಪ್ಪು ತಿಳಿಯಬೇಡ, ಬರಿದಾಗಿ ಕಾಣದಿರಲಿ ಎಂದು ನಾನೇ ಇಡುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಸ್ನಾನ ಮಾಡಿಸುವ, ನಿನಗೆ ಈ ಕಾಳಿನ ಪಾಕ ಹೇಳಿಕೊಟ್ಟ ಆ ಅಜ್ಜಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ ತಿಳಿಸು. ಅವ್ವ ನಿನ್ನನ್ನು ಹರಸಿದ್ದಾಳೆ. ಗಗನ ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆಯಲ್ಲಿರುವ ಜಿಡ್ಡಿನ ಕಲೆ ಅದೇ.

ನಿನ್ನ
ಶಿವರಾಜು

ಮರೆತಿದ್ದೆ: ಚಂದನಳ ಅಣ್ಣ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಅವ್ವ ಅವನಿಗೆ ಕಾಫಿ ಕೊಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಆಶ್ರಮದವರು ಇನ್ನೂ ಮೂರು ವರ್ಷ ಇರು ಎನ್ನುತ್ತಿದ್ದಾರೆ, ಸಹಿ ಹಾಕಲಾ ಎಂದು ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಎಲ್ಲರೂ ಪಕ್ಕದಲ್ಲಿದ್ದರು, ನಾನು ‘ನಿನ್ನಿಷ್ಟ’ ಎಂದೆ. ಈಗಲೂ ನಿನ್ನಿಷ್ಟವೇ. ಆ ಕೆಲಸ ನಿನಗೆ ಎಷ್ಟು ಪ್ರೀತಿಯದು ಎಂಬುದು ನನಗೆ ಗೊತ್ತು, ಹಾಕಿದರೆ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಮಗಳಿಗಾಗಿ, ಅವ್ವನಿಗಾಗಿ ಎಂದು ಲೆಕ್ಕ ಹಾಕಿಕೊಂಡು ಕೂರಬೇಡ, ಅವರಿಬ್ಬರೂ ಹೇಗೋ ಹೊಂದಿಕೊಂಡಿದ್ದಾರೆ. ನನಗೆ ಆಗುತ್ತಿಲ್ಲ, ಸೌಮ್ಯಾ. ಪೆನ್ನು ಎತ್ತಿಕೊಳ್ಳುವ ಮೊದಲು ಇದೊಂದು ನಿನಗೆ ಗೊತ್ತಿರಲಿ.