ಮೆಟ್ಟಿಲ ತಿರುವಿನಲ್ಲಿ

ಎರ್ನಾಕುಳಂ, ಜೂನ್ ೧೯೯೪

ಅಪ್ಪಾ,

ಇವತ್ತು ಮತ್ತೆ ಆಫೀಸಿಗೆ ಹೋದೆ. ಎದೆಯಲ್ಲಿ ತುಂಬಿದ್ದ ನೀರು ತೆಗೆಸಿಕೊಂಡು, ಕ್ಷಯದ ಮಾತ್ರೆ ನುಂಗುತ್ತ ಮಲಗಿ ಮಲಗಿ ಮನೆ ಸಾಕಾಗಿತ್ತು. ನಮ್ಮ ಸೆಕ್ಷನ್ ಇರುವುದು ಮೂರನೇ ಮಹಡಿಯಲ್ಲಿ; ಲಿಫ್ಟ್ ಇಲ್ಲ. ಮೊದಲ ತಿರುವಿನಲ್ಲೇ ಉಸಿರು ಕೈಕೊಟ್ಟಿತು. ಯಾರಿಗೂ ಗೊತ್ತಾಗಬಾರದೆಂದು, ಎದುರು ಬಂದ ಪ್ಯೂನ್ ಸುಕುಮಾರನ್ ಅವರನ್ನು ನಿಲ್ಲಿಸಿ, "ಚೇಟ್ಟಾ, ವಲ್ಲಾರ್ಪಾಡದ ನಿಮ್ಮ ಬಾವಿ ನೀರು ಈಗಲೂ ಉಪ್ಪೇನಾ?" ಎಂದೆ. ಅವರು ಖುಷಿಯಾಗಿ ತಮ್ಮ ಆ ದ್ವೀಪದ ಕಥೆಯನ್ನೆಲ್ಲ ಹೇಳಿದರು. ಅಷ್ಟರಲ್ಲಿ ನನ್ನ ಉಸಿರು ಹದಕ್ಕೆ ಬಂತು.

ಆಗ ನೀವು ನೆನಪಾದಿರಿ. ಮೈಸೂರಿನ ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಮಗುವಿನ ಕೆಮ್ಮು ಹೇಗಿದೆ? ಅತ್ತೆ ಊರಿಂದ ಬಂದರಾ?" ಎನ್ನುತ್ತಿದ್ದಿರಿ. "ಊರ ಉಸಾಬರಿಯೆಲ್ಲ ನಿಮಗ್ಯಾಕೆ?" ಅಂತ ಅಮ್ಮ ಗೊಣಗುತ್ತಿದ್ದಳು. ನಿಮ್ಮ ಒಂದು ಶ್ವಾಸಕೋಶ ಎಂದೋ ಹಾಳಾಗಿತ್ತೆಂದು ಕೊನೆಗಾಲದಲ್ಲಿ ಡಾಕ್ಟರು ಹೇಳಿದಾಗಲೇ ನಮಗೆ ಗೊತ್ತಾಗಿದ್ದು.

ಎಂಥ ಉಪಾಯ ಮಾಡಿದ್ದಿರಿ ಅಪ್ಪಾ! ದಿನವೆಲ್ಲ ಅದನ್ನೇ ನೆನೆದು ಮೆಚ್ಚಿಕೊಂಡೆ. ಸಂಜೆ ಇಳಿಯುವಾಗ ಆಯಾಸವೇ ಆಗಲಿಲ್ಲ. ಅದೇ ತಿರುವಿನಲ್ಲಿ ಸುಕುಮಾರನ್ ಏನೋ ಹೇಳಲು ಬಾಯಿ ತೆರೆದರು. ನಾನು ನಕ್ಕು, ತಲೆಯಾಡಿಸಿ ಮುಂದೆ ಬಂದುಬಿಟ್ಟೆ.

ಕೊನೆಯ ಮೆಟ್ಟಿಲಿಗೆ ಬಂದಾಗ ಹೊಳೆಯಿತು. ಚಿಕ್ಕವಳಿದ್ದಾಗ ನಾನು ನಿಮ್ಮ ಕಚೇರಿಯ ಮೆಟ್ಟಿಲ ಕೆಳಗೆ ನಿಮಗಾಗಿ ಕಾಯುತ್ತಿದ್ದೆನಲ್ಲ, ಅಪ್ಪಾ. ನೀವು ಇಳಿದು ಬರುವಾಗಲೂ ಹಾಗೇ ನಿಂತು ನಿಂತು ಎಲ್ಲರನ್ನೂ ವಿಚಾರಿಸುತ್ತಿದ್ದಿರಿ.

ನಿಮ್ಮ
ಸುಮಿತ್ರ