ಹಾಗಲವಾಡಿಯ ಸ್ಫಟಿಕ

೧೨-೨-೧೯೭೯, ಸೋಮವಾರ

ಮೂರು ತಿಂಗಳಿಂದ ಮನಸ್ಸು ಕೊರೀತಿದ್ದ ಸ್ಫಟಿಕ ಕೊನೆಗೂ ಕೈಗೆ ಬಂತು. ಹಾಗಲವಾಡಿಯ ಚೌಡಪ್ಪನವರು ಬಾವಿ ತೋಡಿಸುವಾಗ ಸಿಕ್ಕಿದ್ದು. ಗೇಣುದ್ದ, ಆರು ಮುಖ, ತುದಿ ಒಂದಿಷ್ಟೂ ಮುಕ್ಕಾಗಿಲ್ಲ. ನಮ್ಮ ಕಾಲೇಜಿನ ಬೀರುವಿನಲ್ಲಿರೋ ಬೆಣಚುಕಲ್ಲುಗಳೆಲ್ಲ ಇದರ ಮುಂದೆ ಬರೀ ಜಲ್ಲಿ. ಅಂಥದ್ದನ್ನ ಅವರ ಹೆಂಡತಿ ಸಿದ್ದಲಕ್ಷ್ಮಮ್ಮ ದೇವರ ಗೂಡಲ್ಲಿಟ್ಟು ಕುಂಕುಮ ಬಳಿದಿದ್ದರು. ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿ.

ಇವತ್ತು ಅವರ ಜಗಲಿ ಮೇಲೆ ಕೂತು ಪಾಠಾನೇ ಮಾಡಿಬಿಟ್ಟೆ. ನೆಲದ ಆಳದಲ್ಲಿ ಬಂಡೆ ಬಿರುಕು ಬಿಟ್ಟಿತ್ತು, ಅದರೊಳಗೆ ಬಿಸಿನೀರು ಹರೀತಿತ್ತು, ನೀರಲ್ಲಿ ಕರಗಿದ್ದ ಕಲ್ಲೇ ಪದರಪದರವಾಗಿ ಕೂತು ಹೀಗೆ ಬೆಳೀತು, ಮನುಷ್ಯ ಹುಟ್ಟೋಕೂ ಎಷ್ಟೋ ಮೊದಲು, ಕಾಲೇಜಿನ ಬೀರುಗೆ ಕೊಡಿ, ಹುಡುಗರು ನೋಡಲಿ ಅಂದೆ.

“ಅಂದ್ರೆ ನೀರಲ್ಲೇ ಬೆಳೆದಿದ್ದು ಅನ್ನಿ,” ಅಂದರು ಆಕೆ. “ಮತ್ತೆ ನಿಮ್ಮ ಬೀರುನಾಗೆ ಅದಕ್ಕೆ ನೀರು ಹುಯ್ಯೋರು ಯಾರು ಮೇಷ್ಟ್ರೇ? ನಾನು ಸೋಮವಾರ ಸೋಮವಾರ ಒಂದು ತಂಬಿಗೆ ಹುಯ್ತೀನಿ.”

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾವ ಹುಡುಗನೂ ಇಷ್ಟು ಗಮನ ಇಟ್ಟು ನನ್ನ ಪಾಠ ಕೇಳಿಲ್ಲ. “ನಾನೇ ಹುಯ್ತೀನಿ ಬಿಡಿ ತಾಯಿ,” ಅಂದುಬಿಟ್ಟೆ.

ಸೆರಗಲ್ಲಿ ಒರೆಸಿ ಕೊಟ್ಟೇಬಿಟ್ಟರು. “ಇವತ್ತಿಂದು ಇನ್ನೂ ಆಗಿಲ್ಲ, ಮರೀಬೇಡಿ.”

ಮನೆಗೆ ಬಂದವನೇ ಬಚ್ಚಲಲ್ಲಿಟ್ಟು ಒಂದು ತಂಬಿಗೆ ನೀರು ಹುಯ್ದೆ. ಕುಂಕುಮ ಹೋಗಲಿ ಅಂತ ಕಣೇ ಅಂದರೆ ಸರ್ವಮಂಗಳ ನಂಬಲಿಲ್ಲ. ಮದುವೆಯಾದಾಗಿನಿಂದ ನಾನು ಯಾವ ದೇವರಿಗೂ ಕೈಮುಗಿದದ್ದು ಅವಳು ಕಂಡಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕುಂಕುಮ ಪೂರ್ತಿ ಹೋಗಿಲ್ಲ. ಬುಡದ ಸೀಳಲ್ಲಿ ಕೆಂಪಗೆ ಉಳಿದಿದೆ. ಇರಲಿ.

ಈಗ ಲೇಬಲ್ ಬರೆದೆ. ಸ್ಫಟಿಕ, ಹಾಗಲವಾಡಿ, ಕೊಟ್ಟವರು ಸಿದ್ದಲಕ್ಷ್ಮಮ್ಮ. ಕೆಳಗೆ ಒಂದು ಸಾಲು ಜಾಗ ಉಳಿದಿತ್ತು. ಪ್ರಿನ್ಸಿಪಾಲರು ಏನಾದರೂ ಅಂದುಕೊಳ್ಳಲಿ, ಬರೆದೇಬಿಟ್ಟೆ: ಸೋಮವಾರ ಸೋಮವಾರ ಒಂದು ತಂಬಿಗೆ ನೀರು.